150 ಗ್ರಾಂ ಬೈಂಡಿಂಗ್ ಕೊಳ್ಳಬಹುದೇ?

ಪ್ರಶ್ನೆ: ನಾನು ಶಿವಮೊಗ್ಗದವನು, ಏಳು ವರ್ಷಗಳಿಂದ ಮ್ಯೂನಿಕ್‌ನಲ್ಲಿದ್ದೇನೆ. ಸ್ಕೀ ಕಟ್ಟಿಕೊಂಡೇ ಆಸ್ಟ್ರಿಯದ ಟಿರೋಲಿನ ಬೆಟ್ಟಗಳನ್ನು ನಡೆದು ಹತ್ತಿ, ಹಾಗೆಯೇ ಜಾರಿ ಇಳಿಯುವ ಸ್ಕೀ ಟೂರಿಂಗ್‌ನ ಗೀಳು ಎರಡು ಚಳಿಗಾಲಗಳಿಂದ ಹಿಡಿದಿದೆ. ವರ್ಷಕ್ಕೆ ನಾಲ್ಕಾರು ದಿನ ಲಿಫ್ಟ್ ಇರುವ ಇಳಿಜಾರುಗಳಿಗೂ ಹೋಗುತ್ತೇನೆ. ಬೂಟನ್ನು ಸ್ಕೀಗೆ ಹಿಡಿದಿಡುವ ಬಾಡಿಗೆಯ ಬೈಂಡಿಂಗ್ ಬಲು ಭಾರವೆನಿಸುತ್ತಿದೆ. ಗೆಳೆಯರೊಬ್ಬರು ಒಂದೊಂದೂ 150 ಗ್ರಾಂ ತೂಗುವ ತಮ್ಮ ಹಳೆಯ ರೇಸ್ ಬೈಂಡಿಂಗ್‌ಗಳನ್ನು ಅರ್ಧ ಬೆಲೆಗೆ ಕೊಡಲು ಸಿದ್ಧರಿದ್ದಾರೆ. ನನ್ನ ತೂಕ 72 ಕಿಲೋ. ಹಗುರವಾದಷ್ಟೂ ಒಳ್ಳೆಯದಲ್ಲವೇ?

ಉತ್ತರ: ನಿಮ್ಮ ಬಾಡಿಗೆಯ ಬೈಂಡಿಂಗ್ ಬಹುಶಃ ಚೌಕಟ್ಟಿನ ಮಾದರಿಯದು. ಅದರಲ್ಲಿ ಬೂಟಿನ ಮುಂಭಾಗವನ್ನೂ ಹಿಮ್ಮಡಿಯನ್ನೂ ಹಿಡಿಯುವ ಭಾಗಗಳು ಒಂದೇ ಪಟ್ಟಿಯ ಮೇಲಿರುವುದರಿಂದ, ಪ್ರತಿ ಹೆಜ್ಜೆಗೂ ನೀವು ಬೂಟಿನ ಜೊತೆಗೆ ಆ ಇಡೀ ಚೌಕಟ್ಟನ್ನು ಎತ್ತಬೇಕಾಗುತ್ತದೆ. ತೂಕವೂ ಒಂದೊಂದಕ್ಕೆ 1 ಕಿಲೋ ಆಸುಪಾಸು ಅಥವಾ ಅದಕ್ಕೂ ಹೆಚ್ಚು. ಟಿರೋಲಿನವರೇ ಆದ ಫ್ರಿಟ್ಸ್ ಬಾರ್ಥೆಲ್ 1980ರ ದಶಕದಲ್ಲಿ ರೂಪಿಸಿದ, ಮುಂದೆ ಡೈನಾಫಿಟ್ ಸಂಸ್ಥೆ ಮಾರುಕಟ್ಟೆಗೆ ತಂದ ಪಿನ್ ಬೈಂಡಿಂಗ್ ಈ ಹೊರೆಯನ್ನು ಬೇರಿನಿಂದಲೇ ಕಿತ್ತುಹಾಕಿತು. ಬೂಟಿನ ಮೂತಿಯ ಎರಡು ಬದಿಗಳಲ್ಲಿರುವ ಲೋಹದ ಗುಳಿಗಳಿಗೆ ಎರಡು ಪಿನ್ನುಗಳು ಕಚ್ಚಿಕೊಳ್ಳುತ್ತವೆ, ಏರುವಾಗ ಬೂಟಿನ ಹಿಮ್ಮಡಿಯಷ್ಟೇ ಮೇಲೇಳುತ್ತದೆ, ಹಿಂಭಾಗದ ಯಂತ್ರ ಸ್ಕೀಯ ಮೇಲೆಯೇ ಉಳಿಯುತ್ತದೆ. ಚೌಕಟ್ಟಿನಿಂದ ಸುಮಾರು 350 ಗ್ರಾಂನ ಪಿನ್ ಬೈಂಡಿಂಗ್‌ಗೆ ಬಂದರೆ ನಿಮ್ಮ ಕಾಲಿಗೆ ಸಿಗಬೇಕಾದ ಬಿಡುಗಡೆಯ ಬಹುಪಾಲು ಸಿಕ್ಕಿಯೇ ಹೋಗುತ್ತದೆ. ಅಲ್ಲಿಂದ 150ಕ್ಕೆ ಇಳಿದಾಗ ಉಳಿಯುವುದು ಕಾಲಿಗೆ 200 ಗ್ರಾಂ, ಅಂದರೆ ಒಂದು ಲೋಟ ನೀರಿನ ತೂಕ. ಈ ಕೊನೆಯ ಲೋಟಕ್ಕೆ ತೆರಬೇಕಾದ ಬೆಲೆ ಏನೆಂಬುದನ್ನು ನೋಡಿಯೇ ನೀವು ತೀರ್ಮಾನಿಸಬೇಕು.

ಬಿದ್ದಾಗ ಬೂಟು ಸ್ಕೀಯಿಂದ ಕಳಚಿಕೊಳ್ಳದಿದ್ದರೆ ಮೊಣಕಾಲು ಅಥವಾ ಅದರ ಕೆಳಗಿನ ಮೂಳೆ ಪೆಟ್ಟು ತಿನ್ನುತ್ತದೆ. ಸಾಮಾನ್ಯ ಪಿನ್ ಬೈಂಡಿಂಗ್‌ನಲ್ಲಿ ಪಕ್ಕಕ್ಕೆ ತಿರುಚಿದಾಗ ಕಳಚುವ ಬಲವನ್ನೂ, ಮುಂದಕ್ಕೆ ಮುಗ್ಗರಿಸಿದಾಗ ಕಳಚುವ ಬಲವನ್ನೂ ಹಿಂಭಾಗದ ಎರಡು ಸ್ಕ್ರೂಗಳಿಂದ ಬೇರೆಬೇರೆಯಾಗಿ ಹೊಂದಿಸಬಹುದು. ರೇಸ್ ಮಾದರಿಗಳಲ್ಲಿ ಗ್ರಾಂ ಉಳಿಸುವುದಕ್ಕಾಗಿ ಮೊದಲು ಹೋಗುವುದು ಇದೇ ಅನುಕೂಲ: ಹಲವು ಮಾದರಿಗಳಲ್ಲಿ ಮುಮ್ಮುಖ ಬಿಡುಗಡೆಯ ಬಲವನ್ನು ಯು ಆಕಾರದ ಉಕ್ಕಿನ ತುಂಡೊಂದು ಶಾಶ್ವತವಾಗಿ ನಿರ್ಧರಿಸಿಬಿಟ್ಟಿರುತ್ತದೆ, ಕೆಲವು ಮಾದರಿಗಳಲ್ಲಿ ಪಕ್ಕದ ಬಿಡುಗಡೆಗೂ ಹೊಂದಾಣಿಕೆಯಿಲ್ಲ. ತಯಾರಕರು ಊಹಿಸಿಕೊಂಡ ಸ್ಪರ್ಧಿಯ ಕಾಲಿಗೆ ಒಪ್ಪಿದ ಬಲ ನಿಮ್ಮ ಕಾಲಿಗೂ ಒಪ್ಪುತ್ತದೆಂದು ನಂಬುವುದಕ್ಕೆ ಆಧಾರವಿಲ್ಲ. ಎಷ್ಟು ಬಲಕ್ಕೆ ಕಳಚಬೇಕೆಂದು ಸೂಚಿಸುವ ಸರಿಯಾದ ಅಂಕವನ್ನು ತೂಕ, ಎತ್ತರ, ವಯಸ್ಸು, ಬೂಟಿನ ಅಟ್ಟೆಯ ಉದ್ದ, ಸ್ಕೀ ಮಾಡುವ ರೀತಿ ಇವೆಲ್ಲವನ್ನೂ ಸೇರಿಸಿ ಕೋಷ್ಟಕದಿಂದ ತೆಗೆಯುತ್ತಾರೆ. ನಿಮ್ಮ ತೂಕದವರಿಗೆ 4ರಿಂದ 10ರವರೆಗೆ ಹೊಂದಿಸಬಹುದಾದ ಬೈಂಡಿಂಗ್ ಸಾಕು. ಟೂರಿಂಗ್ ಬೈಂಡಿಂಗ್‌ಗಳಿಗೆ ಐಎಸ್‌ಒ 13992 ಎಂಬ ಮಾನದಂಡವಿದ್ದರೂ ಹಗುರ ಮಾದರಿಗಳಲ್ಲಿ ಅನೇಕವು ಅದರ ಪ್ರಮಾಣಪತ್ರ ಪಡೆದಿರುವುದಿಲ್ಲ. ಆದುದರಿಂದ ಬೈಂಡಿಂಗ್ ಮೇಲೆ ಕೆತ್ತಿದ ಅಂಕವನ್ನೇ ನೆಚ್ಚಿಕೊಳ್ಳದೆ, ನಿಮ್ಮ ಬೂಟನ್ನೇ ತೊಡಿಸಿ ಅಂಗಡಿಯ ಯಂತ್ರದಲ್ಲಿ ಅಳೆಯಿಸಿಕೊಳ್ಳಿ.

ಎರಡನೆಯದಾಗಿ ಹೋಗುವುದು ಬ್ರೇಕ್. ರೇಸ್ ಬೈಂಡಿಂಗ್‌ಗಳಲ್ಲಿ ಸಾಮಾನ್ಯವಾಗಿ ಬ್ರೇಕ್ ಇರುವುದಿಲ್ಲ, ಕಳಚಿದ ಸ್ಕೀ ಓಡಿಹೋಗದಂತೆ ಅದನ್ನು ಬೂಟಿಗೆ ಹಗ್ಗದಿಂದ ಕಟ್ಟಿಕೊಳ್ಳುತ್ತಾರೆ. ಹಿಮನದಿಯ ಮೇಲೆ ನಡೆಯುವಾಗ ಹಗ್ಗಕ್ಕೆ ಅದರದೇ ಸಮರ್ಥನೆಯಿದೆ, ಏಕೆಂದರೆ ಬಿರುಕಿಗೆ ಬಿದ್ದ ಸ್ಕೀ ಮತ್ತೆ ಸಿಗುವುದಿಲ್ಲ. ಆದರೆ ಹಿಮಕುಸಿತದಲ್ಲಿ ಸಿಲುಕಿದವರ ಕಾಲಿಗೆ ಕಟ್ಟಿಕೊಂಡೇ ಇರುವ ಸ್ಕೀ ಅವರನ್ನು ಆಳಕ್ಕೆ ಎಳೆಯುತ್ತದೆ. ಹಗ್ಗವನ್ನೇ ಆರಿಸುವುದಾದರೆ ಹೆಚ್ಚು ಎಳೆತಕ್ಕೆ ತಾನಾಗಿ ತುಂಡಾಗುವ ಕೊಂಡಿಯಿರುವುದನ್ನು ಆರಿಸಿ. ನನ್ನ ಆಯ್ಕೆ ಕೇಳಿದರೆ, ಸುಮಾರು 100 ಗ್ರಾಂ ಹೆಚ್ಚು ತೂಗಿದರೂ ಬೇಕಾದಾಗ ಬಿಚ್ಚಿಡಬಹುದಾದ ಬ್ರೇಕ್.

ಗೆಳೆಯರ ಬೈಂಡಿಂಗ್‌ಗೆ ಇನ್ನೊಂದು ತೊಡಕಿದೆ. ಬೂಟಿನ ಅಟ್ಟೆಯ ಉದ್ದಕ್ಕೆ ತಕ್ಕಂತೆ ಹಿಂಭಾಗವನ್ನು ಸರಿಸಲು ರೇಸ್ ಮಾದರಿಗಳಲ್ಲಿ ಅವಕಾಶ ತೀರಾ ಕಡಿಮೆ, ಹಲವದರಲ್ಲಿ ಇಲ್ಲವೇ ಇಲ್ಲ. ಒಮ್ಮೆ ಸ್ಕೀಗೆ ತೂತು ಕೊರೆದು ಕೂರಿಸಿದ ಮೇಲೆ ನೀವು ಬೂಟು ಬದಲಿಸಿದರೆ ಮತ್ತೆ ಕೊರೆಯಬೇಕಾಗುತ್ತದೆ. ಬೂಟಿನ ಹಿಮ್ಮಡಿಗೂ ಹಿಂಭಾಗದ ಯಂತ್ರಕ್ಕೂ ನಡುವೆ, ಸ್ಕೀ ಬಾಗಿದಾಗ ಒತ್ತಿಕೊಳ್ಳದಿರಲೆಂದು, ಮಾದರಿಗೆ ತಕ್ಕಂತೆ 4 ಅಥವಾ 5–6 ಮಿಲಿಮೀಟರ್ ಸಂದು ಬಿಡುವ ಬೈಂಡಿಂಗ್‌ಗಳಿವೆ. ಅವುಗಳಲ್ಲಿ ಒಂದೆರಡು ಮಿಲಿಮೀಟರ್ ತಪ್ಪಿದರೂ ಕಳಚುವ ಲೆಕ್ಕವೇ ಕೆಡುತ್ತದೆ. ಇದು ಮನೆಯ ಬಾಲ್ಕನಿಯಲ್ಲಿ ಡ್ರಿಲ್ ಹಿಡಿದು ಮಾಡುವ ಕೆಲಸವಲ್ಲ.

ಸೆಲ್‌ರೈನ್ ಕಣಿವೆಯ ಪ್ರಾಕ್ಸ್‌ಮಾರ್‌ನಿಂದ ಲಾಂಪ್ಸನ್‌ಸ್ಪಿಟ್ಸೆ ಶಿಖರಕ್ಕೆ ಸುಮಾರು 1,200 ಮೀಟರ್ ಏರಿಕೆಯಿದೆ. ನಿಮ್ಮಂಥವರ ವಾರಾಂತ್ಯಕ್ಕೆ ಸರಿಯಾದ ಅಳತೆ ಅದು. ಅಂಥ ಏರಿಕೆಯಲ್ಲಿ ಕಡಿದಾದ ಭಾಗ ಬಂದಾಗ ಹಿಮ್ಮಡಿಗೆ ಎರಡು ಎತ್ತರದ ಆಸರೆ, ವಸಂತದ ಬೆಳಗಿನ ಗಟ್ಟಿ ಹಿಮದಲ್ಲಿ ಸ್ಕೀಯ ಅಡಿಗೆ ಸಿಕ್ಕಿಸುವ ಮುಳ್ಳುಪಟ್ಟಿಗೆ ಸೂಕ್ತವಾದ ಕಚ್ಚು, ಇವೆರಡೂ 200 ಗ್ರಾಂಗಿಂತ ಹೆಚ್ಚು ಬೆಲೆಬಾಳುತ್ತವೆ. ರೇಸ್ ಮಾದರಿಗಳಲ್ಲಿ ಆಸರೆ ಸಾಮಾನ್ಯವಾಗಿ ಒಂದೇ ಎತ್ತರದ್ದು.

ಲಿಫ್ಟ್ ಇಳಿಜಾರಿನ ದಿನಗಳಿಗೆ ಹಗುರ ಪಿನ್ ಬೈಂಡಿಂಗ್ ಬಳಸಬೇಡಿ. ಗಟ್ಟಿ ಹಿಮದಲ್ಲಿ ವೇಗವಾಗಿ ಇಳಿಯುವಾಗ ಬೀಳುವ ಸಣ್ಣಪುಟ್ಟ ಹೊಡೆತಗಳನ್ನು ನುಂಗಿಕೊಂಡು ಬೂಟನ್ನು ಮತ್ತೆ ನಡುವಿಗೆ ತರುವ ಸ್ಪ್ರಿಂಗಿನ ಚಲನೆ ಅವುಗಳಲ್ಲಿ ಬಹಳ ಕಡಿಮೆ. ನಾಲ್ಕಾರು ದಿನಗಳಿಗೆ ಬಾಡಿಗೆಯೇ ಅಗ್ಗ.

ಹೀಗಾಗಿ ಗೆಳೆಯರಿಗೆ ವಂದನೆ ಹೇಳಿ, ಎರಡೂ ಬಿಡುಗಡೆಗಳನ್ನು ಹೊಂದಿಸಬಹುದಾದ, ಬ್ರೇಕ್ ಹೊರತುಪಡಿಸಿ 300ರಿಂದ 400 ಗ್ರಾಂ ತೂಗುವ ಪಿನ್ ಬೈಂಡಿಂಗ್ ಕೊಳ್ಳಿ. ಅಂಗಡಿಗೆ ಹೋಗುವಾಗ ಬೂಟನ್ನು ಮರೆಯದೆ ಒಯ್ಯಿರಿ. ಮುಂದೆಯೂ ಹಿಂದೆಯೂ ಲೋಹದ ಗುಳಿಗಳಿಲ್ಲದ ಬೂಟು ಇದಕ್ಕೆ ಕೂರುವುದೇ ಇಲ್ಲ. ಕೊಂಡ ಮೇಲೆ ಒಂದು ಅಭ್ಯಾಸ ಮಾಡಿಕೊಳ್ಳಿ: ಪಿನ್ನಿಗೆ ಬೂಟು ತೊಡಿಸುವ ಮುನ್ನ ಗುಳಿಗಳಲ್ಲೂ ಮುಂಭಾಗದ ಸ್ಪ್ರಿಂಗಿನ ಕೆಳಗೂ ಸೇರಿದ ಹಿಮವನ್ನು ಕೆರೆದು ತೆಗೆಯಿರಿ, ತೊಡಿಸಿದ ಮೇಲೆ ಕಾಲನ್ನು ನಾಲ್ಕೈದು ಬಾರಿ ಮೇಲೆ ಕೆಳಗೆ ಆಡಿಸಿ ನೋಡಿ, ಏರುವಾಗ ಮುಂಭಾಗದ ಬೀಗ ಹಾಕಿ, ಇಳಿಯುವ ಮುನ್ನ ಅದನ್ನು ತೆಗೆಯಿರಿ. ಬೀಗ ಹಾಕಿದ ಬೈಂಡಿಂಗ್ ನೀವು ಬಿದ್ದಾಗಲೂ ಬಿಡದೆ ಹಿಡಿದುಕೊಂಡುಬಿಡಬಹುದು.