ವಿಜ್ಞಾನ ಪ್ರದರ್ಶನಕ್ಕೆ ತಾನಾಗಿ ಓಡುವ ಕಾರು: ಕ್ಯಾಮೆರಾ ಇಲ್ಲದೆ ಆಗುತ್ತದೆಯೇ?

ಪಿಯುಸಿ ಮೊದಲ ವರ್ಷದಲ್ಲಿದ್ದೀರಿ, ಕಾಲೇಜಿನ ಪ್ರದರ್ಶನಕ್ಕೆ ತಾನಾಗಿ ಓಡುವ ಪುಟ್ಟ ಕಾರು ಮಾಡಬೇಕು, ಕ್ಯಾಮೆರಾ ಮತ್ತು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಕೊಳ್ಳದೆ ಆಗುತ್ತದೆಯೇ ಎಂದು ಕೇಳಿದ್ದೀರಿ. ಖಂಡಿತ ಆಗುತ್ತದೆ. ಮೊದಲ ಸಲಕ್ಕಂತೂ ಕ್ಯಾಮೆರಾದ ಗೊಡವೆಯೇ ಬೇಡ. ನಾನು ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡುತ್ತೇನೆ, ಇಂಥ ಪ್ರದರ್ಶನಗಳಲ್ಲಿ ತೀರ್ಪುಗಾರರ ಜೊತೆಗೂ ಕೂತಿದ್ದೇನೆ. ಎಲ್ಲಿಂದಲೋ ಇಳಿಸಿಕೊಂಡ ಪ್ರೋಗ್ರಾಂನಿಂದ ಓಡುವ ಕ್ಯಾಮೆರಾ ಕಾರಿನ ಪಕ್ಕ ನಿಂತವರನ್ನು "ಇಲ್ಲೇ ಏಕೆ ತಿರುಗಿತು?" ಎಂದು ಕೇಳಿದರೆ ಬಾಯಿ ಕಟ್ಟಿಹೋಗುತ್ತದೆ. ನಿಮ್ಮ ಕಾರಿನ ಪ್ರತಿ ತಿರುವಿಗೂ ಕಾರಣ ನಿಮ್ಮ ನಾಲಿಗೆಯ ತುದಿಯಲ್ಲಿರಬೇಕು.

ಬೇಕಾಗುವುದು ಇಷ್ಟು: ನಿಮ್ಮ ಪ್ರೋಗ್ರಾಂ ಓಡಿಸುವ ಆರ್ಡುಯಿನೊ ಊನೊ ಬೋರ್ಡ್, ಅದರ ಆಜ್ಞೆಯಂತೆ ಮೋಟರ್‌ಗಳಿಗೆ ಕರೆಂಟ್ ಕೊಡುವ ಎಲ್298ಎನ್ ಮೋಟರ್ ಡ್ರೈವರ್, ಹಳದಿ ಗೇರ್ ಮೋಟರ್‌ಗಳಿರುವ ಚಾಸಿ (ಕಾರಿನ ಚೌಕಟ್ಟು), ದೂರ ಅಳೆಯುವ ಎಚ್‌ಸಿ-ಎಸ್‌ಆರ್04 ಅಲ್ಟ್ರಾಸಾನಿಕ್ ಸೆನ್ಸರ್, ಅದನ್ನು ಎಡಬಲಕ್ಕೆ ತಿರುಗಿಸಲು ಸರ್ವೊ ಎಂಬ, ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ಒಂದು ಸಣ್ಣ ಮೋಟರ್. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಎಲ್ಲವೂ ಸಿಗುತ್ತವೆ. 9 ವೋಲ್ಟಿನ ಚೌಕ ಬ್ಯಾಟರಿಯನ್ನು ಮಾತ್ರ ಹಾಕಬೇಡಿ. ಮೋಟರ್ ಹೊರಡುವಾಗ ಎಳೆಯುವಷ್ಟು ಕರೆಂಟನ್ನು ಅದು ಕೊಡಲಾರದು. ವೋಲ್ಟೇಜ್ ಕುಸಿದು ಆರ್ಡುಯಿನೊ ರೀಸೆಟ್ ಆಗುತ್ತದೆ, ಕಾರು ಗಕ್ಕನೆ ನಿಲ್ಲುತ್ತದೆ, ನೀವು ಇಲ್ಲದ ತಪ್ಪನ್ನು ಪ್ರೋಗ್ರಾಂನಲ್ಲಿ ಹುಡುಕುತ್ತಾ ಕೂರುತ್ತೀರಿ. 3.7 ವೋಲ್ಟಿನ ಎರಡು 18650 ಲಿಥಿಯಂ ಸೆಲ್‌ಗಳನ್ನು ಸರಣಿಯಲ್ಲಿ ಜೋಡಿಸಿ. ಡ್ರೈವರ್ ಸುಮಾರು 2 ವೋಲ್ಟ್ ನುಂಗಿದರೂ ಉಳಿದದ್ದು ಈ ಮೋಟರ್‌ಗಳಿಗೆ ಸರಿಹೋಗುತ್ತದೆ. ಡ್ರೈವರ್ ಮತ್ತು ಆರ್ಡುಯಿನೊದ ಗ್ರೌಂಡ್ ತಂತಿಗಳು ಒಂದೆಡೆ ಸೇರಿರಬೇಕು. ಈ ಸೆಲ್‌ಗಳನ್ನು ಶಾರ್ಟ್ ಮಾಡಿದರೆ ಬೆಂಕಿಯಾಗಬಹುದು, ಜೋಪಾನ.

ಈಗ ಸೆನ್ಸರ್. ಅದು 40,000 ಹರ್ಟ್ಸ್‌ನ, ನಮಗೆ ಕೇಳಿಸದ ಸದ್ದನ್ನು ಕಳಿಸಿ ಪ್ರತಿಧ್ವನಿಗೆ ಕಾಯುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಹೋಗಿ ಬರುವ ಎರಡೂ ದಾರಿ ಸೇರಿ ಒಂದು ಸೆಂಟಿಮೀಟರ್ ಅಂತರಕ್ಕೆ ಸುಮಾರು 58 ಮೈಕ್ರೊಸೆಕೆಂಡ್ ಹಿಡಿಯುತ್ತದೆ. ಪ್ರೋಗ್ರಾಂಗಳಲ್ಲಿ ಕಾಣುವ 58 ಎಂಬ ಸಂಖ್ಯೆ ಬಂದದ್ದು ಇಲ್ಲಿಂದಲೇ. ಇದನ್ನು ಹಾಳೆಯ ಮೇಲೆ ನೀವೇ ಒಮ್ಮೆ ಲೆಕ್ಕ ಹಾಕಿ ನೋಡಿ.

ಬಹಳ ಮಂದಿ ಎಡವುವುದು ಪ್ರೋಗ್ರಾಂ ಅನ್ನು ಇಷ್ಟು ಹೊತ್ತು ಕಾಯಿಸುವ ಡಿಲೇ ಆಜ್ಞೆಯಲ್ಲಿ. ಆ ಆಜ್ಞೆ ನಡೆಯುವಷ್ಟು ಹೊತ್ತು ಕಾರು ಹೊಸದಾಗಿ ಏನನ್ನೂ ಅಳೆಯುವುದಿಲ್ಲ. ಸೆಕೆಂಡಿಗೆ 50 ಸೆಂಟಿಮೀಟರ್ ಓಡುವ ಕಾರಿಗೆ ಒಂದು ಸೆಕೆಂಡ್ ಡಿಲೇ ಕೊಟ್ಟರೆ ಅರ್ಧ ಮೀಟರ್ ಕುರುಡಾಗಿ ಓಡಿತೆಂದೇ ಅರ್ಥ. ಆದ್ದರಿಂದ ಸರ್ವೊ ಎಡಬಲ ನೋಡುವ ಮೊದಲು ಚಕ್ರಗಳನ್ನು ನಿಲ್ಲಿಸಿ. ಎಷ್ಟು ದೂರದಲ್ಲಿ ನಿಲ್ಲಬೇಕು ಎಂಬುದನ್ನೂ ಇನ್ನೊಬ್ಬರಿಂದ ನಕಲು ಮಾಡಬೇಡಿ. ನಯವಾದ ಟೈಲ್ಸ್ ಮೇಲೂ ಸಿಮೆಂಟ್ ನೆಲದ ಮೇಲೂ ಓಡಿಸಿ, ನಿಲ್ಲು ಎಂದ ಮೇಲೆ ಎಷ್ಟು ಜಾರುತ್ತದೆ ಎಂದು ಅಳತೆಪಟ್ಟಿ ಹಿಡಿದು ನೋಡಿ.

ನನಗೆ ಎಲ್ಲಕ್ಕಿಂತ ಇಷ್ಟವಾದ ಪರೀಕ್ಷೆ ಇನ್ನೊಂದಿದೆ. ಸೆನ್ಸರ್ ಅಳೆದ ದೂರ ಕಂಪ್ಯೂಟರ್ ಪರದೆಯ ಮೇಲೆ ಕಾಣುವಂತೆ ಮಾಡಿ ಅದರ ಎದುರಿಗೆ ರಟ್ಟು ಹಿಡಿಯಿರಿ, ಅಂಕಿ ಸ್ಥಿರವಾಗಿ ಬರುತ್ತದೆ. ಅದೇ ರಟ್ಟನ್ನು ನಿಧಾನವಾಗಿ ಓರೆ ಮಾಡುತ್ತಾ ಹೋಗಿ. ಒಂದು ಕೋನ ದಾಟಿದ ಮೇಲೆ ಪ್ರತಿಧ್ವನಿ ಬೇರೆಲ್ಲೋ ಚಿಮ್ಮಿಹೋಗುತ್ತದೆ, ಪರದೆಯ ಮೇಲಿನ ಅಂಕಿ ಹಠಾತ್ತನೆ ಹುಚ್ಚಾಪಟ್ಟೆ ಏರುತ್ತದೆ. ಎದುರಿಗೆ ಗೋಡೆ ಇದ್ದರೂ ದಾರಿ ಖಾಲಿ ಎಂದೇ ಕಾರು ತಿಳಿಯುತ್ತದೆ. ದಪ್ಪ ಉಣ್ಣೆಯ ಬಟ್ಟೆ ಸದ್ದನ್ನು ಹೀರಿಕೊಂಡು ಹೀಗೆಯೇ ಮೋಸ ಮಾಡಬಹುದು. ಯಾವ ವಸ್ತು, ಯಾವ ಕೋನ, ನಿಜವಾದ ದೂರ, ಸೆನ್ಸರ್ ಹೇಳಿದ ದೂರ, ಇವನ್ನೆಲ್ಲ ಕೋಷ್ಟಕ ಮಾಡಿ ಕಾರಿನ ಪಕ್ಕದಲ್ಲೇ ಅಂಟಿಸಿ. ನನ್ನ ಮಟ್ಟಿಗೆ ನಿಮ್ಮ ಪ್ರಾಜೆಕ್ಟ್ ಎಂದರೆ ಆ ಕೋಷ್ಟಕವೇ.

ದೊಡ್ಡ ಕಾರುಗಳದ್ದೂ ಇದೇ ಪಾಡು. 2004ರಲ್ಲಿ ಅಮೆರಿಕದ ಮೊಹಾವಿ ಮರುಭೂಮಿಯಲ್ಲಿ ನಡೆದ, ತಾನಾಗಿ ಓಡುವ ವಾಹನಗಳ ಸ್ಪರ್ಧೆಯಾದ ಡಾರ್ಪಾ ಗ್ರ್ಯಾಂಡ್ ಚಾಲೆಂಜ್‌ನಲ್ಲಿ ಒಂದು ವಾಹನವೂ ಗುರಿ ಮುಟ್ಟಲಿಲ್ಲ, ಅತಿ ಮುಂದೆ ಹೋದದ್ದು ಓಡಿದ್ದು ಸುಮಾರು 12 ಕಿ.ಮೀ. ಮರುವರ್ಷ ಗೆದ್ದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಟ್ಯಾನ್ಲಿ ಎಂಬ ಕಾರು ತನ್ನ ಚಾವಣಿಯ ಮೇಲೆ ಐದು ಲೇಸರ್ ಸೆನ್ಸರ್‌ಗಳನ್ನು ಹೊತ್ತಿತ್ತು, ಜೊತೆಗೆ ಕ್ಯಾಮೆರಾ, ಜಿಪಿಎಸ್ ಬೇರೆ.

ನಿಮಗೂ ಸಮಯ ಉಳಿದರೆ ಮುಂಭಾಗದ ಎರಡು ಮೂಲೆಗೆ ಕಣ್ಣಿಗೆ ಕಾಣದ ಬೆಳಕಿನಿಂದ ಅಡ್ಡಿ ಗುರುತಿಸುವ ಒಂದೊಂದು ಇನ್‌ಫ್ರಾರೆಡ್ ಸೆನ್ಸರ್ ಸೇರಿಸಿ, ಓರೆ ಗೋಡೆಗಳು ಸಿಕ್ಕಿಬೀಳುತ್ತವೆ. ಆದರೆ ಬಿಸಿಲು ಬಿದ್ದರೆ ಇವು ಗೊಂದಲಕ್ಕೀಡಾಗುತ್ತವೆ. ಪ್ರದರ್ಶನದ ದಿನ ಕಿಟಕಿಯಿಂದ ದೂರದ ಮೇಜನ್ನೇ ಕೇಳಿ ಪಡೆಯಿರಿ.