ಅಮ್ಮನ ಆರೈಕೆಗೆ ಬ್ರದರ್ ಬಂದಾಗ

ಪ್ರಶ್ನೆ: ಸೊಂಟದ ಮೂಳೆ ಮುರಿದು ಶಸ್ತ್ರಚಿಕಿತ್ಸೆಯಾಗಿರುವ ಅಮ್ಮ ಆಸ್ಪತ್ರೆಯಲ್ಲಿದ್ದಾರೆ. ಮೊನ್ನೆ ರಾತ್ರಿ ಬೆಡ್‌ಪ್ಯಾನ್ ಇಟ್ಟು ಮೈ ಒರೆಸಿದ್ದು ಪುರುಷ ನರ್ಸ್, ಆಸ್ಪತ್ರೆಯಲ್ಲಿ ‘ಬ್ರದರ್’ ಎಂದು ಕರೆಯುವವರು. ಅಂದಿನಿಂದ ಅಮ್ಮ ಮಂಕಾಗಿದ್ದಾರೆ, ನೀರು ಕೊಟ್ಟರೂ ಬೇಡ ಎನ್ನುತ್ತಾರೆ. ಇದಕ್ಕೆಲ್ಲ ನಿಯಮದಲ್ಲಿ ಅವಕಾಶವಿದೆಯೇ? ಮಹಿಳಾ ನರ್ಸೇ ಬೇಕೆಂದು ಕೇಳಬಹುದೇ?

ಉತ್ತರ: ಮೊದಲು ನೀರಿನ ವಿಷಯ. ಮತ್ತೆ ಬೆಡ್‌ಪ್ಯಾನ್ ಕೇಳಬೇಕಾಗುತ್ತದೆ ಎಂಬ ಅಳುಕಿಗೇ ಎಷ್ಟೋ ಹಿರಿಯ ಹೆಂಗಸರು ನೀರು ಬಿಟ್ಟುಬಿಡುತ್ತಾರೆ. ಈ ಸ್ಥಿತಿಯಲ್ಲಿ ಅದರಿಂದ ಮೂತ್ರದ ಸೋಂಕು, ಮಲಬದ್ಧತೆ, ಬುದ್ಧಿ ಮಸುಕಾಗುವುದು ಎಲ್ಲವೂ ಆಗಬಹುದು. ಇಂದೇ ಡ್ಯೂಟಿ ಡಾಕ್ಟರಿಗೆ ತಿಳಿಸಿ.

ಆಮೇಲೆ ಅಮ್ಮನ ಹತ್ತಿರ ಒಬ್ಬರೇ ಕುಳಿತು ಅಂದು ನಡೆದದ್ದೇನೆಂದು ಕೇಳಿ. ನಾಚಿಕೆಯೇ ಕಾರಣವಾದರೆ ಪರಿಹಾರ ಸುಲಭ. ಕೆಟ್ಟ ಸ್ಪರ್ಶವಾಗಿದ್ದರೆ ಅದು ಅಪರಾಧ. ಆಗ ಆಸ್ಪತ್ರೆಗೆ ಲಿಖಿತ ದೂರು ಕೊಡಿ, ಪೊಲೀಸರ ಬಳಿಗೂ ಹೋಗಿ.

ನೋಂದಾಯಿತ ಪುರುಷ ನರ್ಸ್ ಇಂಥ ಆರೈಕೆ ಮಾಡುವುದು ತಪ್ಪಲ್ಲ. ಅದಕ್ಕೆಂದೇ ತರಬೇತಿ ಪಡೆದವರು ಅವರು. ಬಂದವರು ನರ್ಸೋ ವಾರ್ಡ್ ಬಾಯೋ ಎಂಬುದನ್ನು ಮಾತ್ರ ವಿಚಾರಿಸಿಕೊಳ್ಳಿ. ಆದರೆ ಒಪ್ಪಿಗೆ ಕೇಳದೆ ರೋಗಿಯ ಹೊದಿಕೆ ಸರಿಸುವ ಅಧಿಕಾರ ಯಾರಿಗೂ ಇಲ್ಲ, ಮಹಿಳಾ ನರ್ಸಿಗೂ ಇಲ್ಲ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದಿನ ಪ್ರಕಾರ, ಪುರುಷ ವೈದ್ಯರು ಪರೀಕ್ಷಿಸುವಾಗ ಇನ್ನೊಬ್ಬ ಮಹಿಳೆ ಜೊತೆಗಿರಬೇಕೆಂದು ಕೇಳುವುದು ರೋಗಿಯ ಹಕ್ಕು. ಮೈ ಒರೆಸುವಾಗಲೂ ಇದೇ ಕ್ರಮ ಇರಬೇಕು ಎಂದು ನಾನು ಖಚಿತವಾಗಿ ಹೇಳುತ್ತೇನೆ. ಅದು ಬ್ರದರ್‌ಗೂ ರಕ್ಷಣೆ.

ಬಲ್ಲ ನರ್ಸ್ ಮೊದಲು ಪರದೆ ಎಳೆಯುತ್ತಾರೆ. ಏನು ಮಾಡಲಿದ್ದೇನೆ ಎಂದು ಹೇಳಿ, ಉತ್ತರಕ್ಕೆ ಕಾಯುತ್ತಾರೆ. ಒಂದು ತೋಳು ಒರೆಸಿ ಮುಚ್ಚಿದ ಮೇಲೆಯೇ ಮುಂದಿನ ಭಾಗ ತೆರೆಯುತ್ತಾರೆ. ನಿಮ್ಮ ತಾಯಿಗೆ ಪೆಟ್ಟಾಗಿರುವುದು ಸೊಂಟಕ್ಕೆ, ಕೈಗಳಿಗಲ್ಲ. ಹಾಗಾಗಿ ಒದ್ದೆ ಬಟ್ಟೆಯನ್ನು ಅವರ ಕೈಗೇ ಕೊಟ್ಟು ನರ್ಸ್ ಆಚೆ ತಿರುಗಿ ನಿಂತರೆ, ಗುಪ್ತಾಂಗವನ್ನು ಅವರೇ ಶುಚಿ ಮಾಡಿಕೊಳ್ಳಬಹುದು. ಇಷ್ಟು ಸಣ್ಣ ಅನುಕೂಲವನ್ನೂ ಅವಸರದಲ್ಲಿ ಮರೆಯುತ್ತಾರೆ ಎಂಬುದು ನನ್ನ ನೋವು.

ಮಹಿಳಾ ನರ್ಸನ್ನು ಖಂಡಿತ ಕೇಳಬಹುದು. ಬ್ರದರ್ ಮೇಲೆ ರೇಗಬೇಡಿ, ವಾರ್ಡಿನ ಇನ್‌ಚಾರ್ಜ್ ನರ್ಸಿಗೆ ಹೇಳಿ. ರಾತ್ರಿ ಸಿಬ್ಬಂದಿ ಕಡಿಮೆ ಇರುವುದರಿಂದ ಸ್ವಲ್ಪ ಕಾಯಬೇಕಾಗಬಹುದು. ತುರ್ತು ಸಂದರ್ಭದಲ್ಲಿ ಹತ್ತಿರವಿದ್ದವರೇ ನೋಡಿಕೊಳ್ಳಬೇಕಾಗುತ್ತದೆ. ಸಂಜೆ ಪಾಳಿ ಬದಲಾಗುವ ಮೊದಲೇ ವಿನಂತಿಸಿ, ಅದನ್ನು ಕೇಸ್ ಶೀಟಿನಲ್ಲಿ ಬರೆಸಿ. ಬಾಯಿಮಾತಿನ ವಿನಂತಿ ಮುಂದಿನ ಪಾಳಿಯವರಿಗೆ ತಲುಪುತ್ತದೆಂಬ ಖಾತರಿಯಿಲ್ಲ.