ಹಾಳೆಯ ಹಿಂಬದಿ ನೋಡುವ ಕೆಲಸ

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ವಿಷಯ ಇಷ್ಟು. ಮಗಳು ಅಮೆರಿಕದಲ್ಲಿ ಕಲಾ ಇತಿಹಾಸದಲ್ಲಿ ಎಂ.ಎ. ಓದುತ್ತಿದ್ದಾಳೆ. ಅಲ್ಲಿಯ ಒಂದು ಕಲಾ ಮ್ಯೂಸಿಯಮ್ಮಿನಲ್ಲಿ ಅವಳಿಗೆ ಒಂದು ವರ್ಷದ ಸಂಶೋಧನಾ ಇಂಟರ್ನ್‌ಶಿಪ್ ಸಿಕ್ಕಿದೆ. ಕಾಗದದ ಮೇಲಿನ ಕಲಾಕೃತಿಗಳ ವಿಭಾಗವಂತೆ, ಅಂದರೆ ರೇಖಾಚಿತ್ರ, ಜಲವರ್ಣ, ಅಚ್ಚಿನ ಚಿತ್ರ, ಹಳೇ ಫೋಟೋ ಇಂಥವು. ಕೈಗೆ ಬರುವ ದುಡ್ಡು ಕಮ್ಮಿ. "ಸಾಲ ಮಾಡಿ ಕಳಿಸಿದ್ದು ಹಳೇ ಕಾಗದ ಎಣಿಸುವುದಕ್ಕಾ ಸ್ವಾಮಿ? ಅವಳ ಚಿಕ್ಕಪ್ಪನ ಮಗ ಬೆಂಗಳೂರಿನಲ್ಲಿ ಮನೆ ಕಟ್ಟಿಸುತ್ತಿದ್ದಾನೆ. ನಿಮ್ಮ ಪತ್ರಿಕೆ ಓದಿಕೊಂಡು ಬೆಳೆದವಳು, ವಾಪಸ್ ಬಾ ಅಂತ ನೀವಾದರೂ ಬುದ್ಧಿ ಹೇಳಿ" ಎಂದು ಕೇಳಿದ್ದಾರೆ. ಕಡೆಯಲ್ಲಿ ಒಂದು ಸಾಲು ಸೇರಿಸಿದ್ದಾರೆ: ಅಟ್ಟದ ಮೇಲೆ ಅಜ್ಜನ ಕಾಲದ ಟ್ರಂಕ್ ಇದೆ, ತುಂಬಾ ಕಾಗದ, ರದ್ದಿಗೆ ಹಾಕಲೋ ಸುಡಲೋ ಗೊತ್ತಾಗುತ್ತಿಲ್ಲ.

ಮಿತ್ರರೇ, ನಿಮ್ಮ ಮಗಳಿಗೆ ಬುದ್ಧಿ ಹೇಳುವುದು ನನ್ನಿಂದ ಆಗುವುದಿಲ್ಲ. ನಿಮಗೇ ನಾಲ್ಕು ಮಾತು ಹೇಳುತ್ತೇನೆ. ಬೇಜಾರು ಮಾಡಿಕೊಳ್ಳಬೇಡಿ.

ದುಡ್ಡಿನ ಚಿಂತೆ ಸುಳ್ಳಲ್ಲ. ಎಲೆಚುಕ್ಕಿ ರೋಗ ಬಂದ ತೋಟ ಹೇಗಿರುತ್ತದೆ ಅಂತ ನಾನೂ ನೋಡಿದ್ದೇನೆ. ಕಲಿಯುವ ಮಕ್ಕಳನ್ನು ಬಿಟ್ಟಿ ದುಡಿಸಿಕೊಳ್ಳುವ ಚಾಳಿ ಮ್ಯೂಸಿಯಮ್ಮುಗಳಲ್ಲಿ ಬಹಳ ಕಾಲ ಇತ್ತು. ಇಂಟರ್ನ್‌ಗಳಿಗೆ ಸಂಬಳ ಕೊಡಿ ಎಂದು ಅಮೆರಿಕದ ಕಲಾ ಮ್ಯೂಸಿಯಂ ನಿರ್ದೇಶಕರ ಸಂಘವೇ 2019ರಲ್ಲಿ ನಿರ್ಣಯ ಮಾಡಬೇಕಾಯಿತು. ನಿಮ್ಮ ಮಗಳಿಗೆ ಕಮ್ಮಿಯಾದರೂ ಕೊಡುತ್ತಿದ್ದಾರೆ. ದುಡ್ಡಿನ ಮಾತು ಇಲ್ಲಿಗೆ ಸಾಕು.

ನನಗೆ ಚುಚ್ಚಿದ್ದು "ಎಣಿಸುವುದು" ಎಂಬ ಮಾತು. ಮಾರಾಯ್ರೇ, ನೀವು ಅಡಿಕೆ ಬೆಳೆಗಾರರು. ಒಂದು ಹಿಡಿ ಅಡಿಕೆ ಅಂಗೈಯಲ್ಲಿ ಆಡಿಸಿ ಇದು ಸರಕು, ಇದು ಬೆಟ್ಟೆ, ಇದು ಗೊರಬಲು ಅಂತ ಹೇಳಿಬಿಡುತ್ತೀರಿ. ನನ್ನಂಥವನಿಗೆ ಎಲ್ಲಾ ಕೆಂಪಗೇ ಕಾಣುತ್ತದೆ. ಆ ಕಣ್ಣು ನಿಮಗೆ ಒಂದು ವರ್ಷದಲ್ಲಿ ಬಂತಾ? ಅಪ್ಪನ ಜೊತೆ, ಅಜ್ಜನ ಜೊತೆ ಕೂತು ಸಾವಿರ ಸಲ ಮುಟ್ಟಿ ಬಂದದ್ದು. ನಿಮ್ಮ ಮಗಳು ಕಲಿಯಲು ಹೊರಟಿರುವುದೂ ಅಂಥದ್ದೇ ಕಣ್ಣು. ತಾಮ್ರದ ತಗಡಿನಿಂದ ಒತ್ತಿದ ಚಿತ್ರವಾದರೆ ಸುತ್ತ ತಗಡಿನ ಅಂಚು ಕಾಗದದೊಳಗೆ ಇಳಿದ ಗುರುತು ಇರುತ್ತದೆ. ಬೆರಳಿಗೆ ಹತ್ತದಿದ್ದರೂ ಓರೆ ಬೆಳಕಿನಲ್ಲಿ ಕಾಣುತ್ತದೆ. ಕಲ್ಲಿನ ಮೇಲೆ ಬರೆದು ಒತ್ತುವ ಕಲ್ಲಚ್ಚಿನಲ್ಲಿ ಆ ಗುರುತು ಬರುವುದಿಲ್ಲ. ಹಾಳೆಯನ್ನು ಬೆಳಕಿಗೆ ಹಿಡಿದರೆ ಕಾಗದ ಮಾಡಿದವನ ನೀರುಗುರುತು, ಅವನ ಜರಡಿಯ ತಂತಿಗಳ ಗೆರೆ. ಆಮೇಲೆ ಹಾಳೆ ತಿರುಗಿಸಿ ಹಿಂಬದಿ ನೋಡಬೇಕು. ಅಲ್ಲಿ ಯಾರದೋ ಪೆನ್ಸಿಲ್ ಬರಹ, ಅಂಗಡಿಯ ಚೀಟಿ, ಸಂಗ್ರಹಕಾರರ ಪುಟ್ಟ ಮುದ್ರೆ. ಫ್ರಿಟ್ಸ್ ಲುಗ್ಟ್ ಎಂಬ ಡಚ್ಚರು 1921ರಲ್ಲಿ ಇಂಥ ಮುದ್ರೆಗಳನ್ನು ಸಾವಿರಗಟ್ಟಲೆ ಕಲೆಹಾಕಿ ಪುಸ್ತಕ ಮಾಡಿದರು. ಇವತ್ತಿಗೂ ಈ ಕೆಲಸದವರು ಅದನ್ನೇ ತೆರೆಯುತ್ತಾರೆ. ಯಾರ ಕೈಯಿಂದ ಯಾರ ಕೈಗೆ ಬಂತು, ಕದ್ದದ್ದಾ, ಕೊಂಡದ್ದಾ, ಎಲ್ಲದಕ್ಕೂ ಹಾಳೆಯ ಹಿಂಬದಿಯೇ ಸಾಕ್ಷಿ.

ಇದಕ್ಕೆಲ್ಲ ಆಳು ಯಾಕೆ ಬೇಕು ಎಂದರೆ, ಕಾಗದಕ್ಕೆ ಬೆಳಕು ಆಗುವುದಿಲ್ಲ. ನಮ್ಮ ಅಂಗಳದ ನಡುಮಧ್ಯಾಹ್ನದ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್. ಲಕ್ಸ್ ಎಂದರೆ ಬೆಳಕಿನ ಅಳತೆ. ಮ್ಯೂಸಿಯಮ್ಮಿನವರು ಜಲವರ್ಣಕ್ಕೆ ಕೊಡುವುದು ಐವತ್ತು ಲಕ್ಸ್! ಅದೂ ಕೆಲವೇ ತಿಂಗಳು. ಆಮೇಲೆ ಚಿತ್ರ ವರ್ಷಗಟ್ಟಲೆ ಕತ್ತಲೆಯ ಪೆಟ್ಟಿಗೆಯಲ್ಲಿ ಮಲಗಬೇಕು. ಹಾಗಾಗಿ ಗೋಡೆಯ ಮೇಲೆ ಜನ ನೋಡುವುದು ಸಂಗ್ರಹದ ಒಂದು ಚೂರು ಮಾತ್ರ, ಉಳಿದದ್ದೆಲ್ಲ ಪೆಟ್ಟಿಗೆಯಲ್ಲಿರುತ್ತದೆ, ಯಾರಾದರೂ ತೆರೆದು ನೋಡಿ ಬರೆದಿಡದಿದ್ದರೆ ಅದು ಇದ್ದೂ ಇಲ್ಲದ ಹಾಗೆ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಒಂದರಲ್ಲೇ ಇಪ್ಪತ್ತು ಲಕ್ಷಕ್ಕೂ ಜಾಸ್ತಿ ಅಚ್ಚಿನ ಚಿತ್ರಗಳಿವೆ. ಮೊದಲೇ ತಿಳಿಸಿ ಹೋದರೆ ಯಾರು ಬೇಕಾದರೂ ಕೂತು ನೋಡಬಹುದು. ಪೆನ್ನು ಒಳಗೆ ಬಿಡುವುದಿಲ್ಲ, ಪೆನ್ಸಿಲ್ ಮಾತ್ರ. ಚಿತ್ರಗಳು ಮಲಗುವ ಆ ಪೆಟ್ಟಿಗೆಗೆ ಸೊಲಾಂಡರ್ ಪೆಟ್ಟಿಗೆ ಅಂತ ಹೆಸರು. ಡೇನಿಯಲ್ ಸೊಲಾಂಡರ್ ಗಿಡಮರಗಳ ವಿದ್ವಾಂಸ, ಗಿಡಗಳಿಗೆ ಹೆಸರಿಡುವ ಪದ್ಧತಿ ಕಟ್ಟಿದ ಲಿನೇಯಸ್‌ನ ಶಿಷ್ಯ, 1768ರಲ್ಲಿ ಕ್ಯಾಪ್ಟನ್ ಕುಕ್ ಜೊತೆ ಹಡಗು ಹತ್ತಿದವನು. ಅವನು ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಕೆಲಸ ಮಾಡುವಾಗ ಬಳಕೆಗೆ ತಂದ ಪೆಟ್ಟಿಗೆ ಇವತ್ತು ಪ್ರಪಂಚದ ಅಚ್ಚಿನ ಚಿತ್ರಗಳನ್ನೆಲ್ಲ ಕಾಯುತ್ತಿದೆ.

ಗಿಡಮರದ ಮಾತು ಬಂತಲ್ಲ, ಈಗ ನಮ್ಮೂರಿಗೆ ಬರುತ್ತೇನೆ. ಈ ವಿಷಯ ಯಾರ ಜೊತೆ ಮಾತಾಡಿದರೂ ನನಗೆ ಗಂಟಲು ಕಟ್ಟುತ್ತದೆ. 1845ರಿಂದ 47ರವರೆಗೆ ಹ್ಯೂ ಕ್ಲೆಗಾರ್ನ್ ಎಂಬ ಸ್ಕಾಟ್ಲೆಂಡಿನ ಡಾಕ್ಟರು ಶಿವಮೊಗ್ಗದಲ್ಲಿದ್ದರು. ದಿನಕ್ಕೊಂದು ಗಿಡ ಕಾಲು ಗಂಟೆ ಅಭ್ಯಾಸ ಮಾಡು ಎಂದು ವಿಲಿಯಂ ಹೂಕರ್ ಎಂಬ ದೊಡ್ಡ ಸಸ್ಯಶಾಸ್ತ್ರಜ್ಞರು ಅವರಿಗೆ ಹೇಳಿದ್ದರು. ಅವರು ಅದನ್ನು ಪಾಲಿಸಿದ್ದಷ್ಟೇ ಅಲ್ಲದೆ, ಇಲ್ಲಿಯ ಒಬ್ಬ ಚಿತ್ರಕಾರನನ್ನು ಇಟ್ಟುಕೊಂಡು ಗಿಡಗಳ ಚಿತ್ರ ಬರೆಸಿದರು. ನಮ್ಮ ಬೇಲಿಯ ಹೂವು, ಗದ್ದೆ ಅಂಚಿನ ಬಳ್ಳಿ, ಕಾಡಿನ ಕಾಯಿ. ಆ ಹಾಳೆಗಳು ಈಗ ಎಡಿನ್‌ಬರದ ರಾಯಲ್ ಬೊಟಾನಿಕ್ ಗಾರ್ಡನ್ನಿನಲ್ಲಿ ಜೋಪಾನವಾಗಿವೆ. ಕ್ಲೆಗಾರ್ನ್ ಎಲ್ಲರಿಗೂ ಗೊತ್ತು. ಆಮೇಲೆ ಮದ್ರಾಸಿನ ಅರಣ್ಯಗಳಿಗೆ ಮುಖ್ಯಸ್ಥರಾದರು, ಅವರ ಹೆಸರಿನಲ್ಲೇ ಆ ಸಂಗ್ರಹ ಇದೆ. ಚಿತ್ರ ಬರೆದವನು? "ಮರಾಠ ಚಿತ್ರಕಾರ" ಅಂತ ಮಾತ್ರ ಕಾಣುತ್ತಾನೆ.

ಯೋಚನೆ ಮಾಡಿ. ತುಂಗೆಯ ದಡದ ಊರಿನಲ್ಲಿ ಒಬ್ಬ ಮನುಷ್ಯ ಮಳೆ ಹಿಡಿದು ಕೂತ ದಿನವೂ ಒದ್ದೆ ಗಿಡ ಮುಂದಿಟ್ಟುಕೊಂಡು, ಬಾಡುವ ಮುಂಚೆ ಎಲೆಯ ನರ ನರ ಬರೆದಿರುತ್ತಾನೆ. ಬಣ್ಣ ತೇವಕ್ಕೆ ಒಣಗದೆ ಒದ್ದಾಡಿರುತ್ತಾನೆ. ಅವನ ಮನೆ ಯಾವ ಕೇರಿಯಲ್ಲಿತ್ತು? ಯಾರ ಹತ್ತಿರ ಕಲಿತ? ಇದಕ್ಕೆ ಉತ್ತರ ಎಲ್ಲಾದರೂ ಇದ್ದರೆ ಅದು ಹಾಳೆಯ ಅಂಚಿನ ಒಂದು ಬರಹದಲ್ಲಿ, ಒಂದು ಲೆಕ್ಕದ ಚೀಟಿಯಲ್ಲಿ ಇರುತ್ತದೆ. ಅದನ್ನು ಹುಡುಕಲು ಸಹನೆ ಬೇಕು, ಕಣ್ಣು ಬೇಕು, ಕನ್ನಡ ಗೊತ್ತಿರಬೇಕು, ಈ ಗಿಡ ನಮ್ಮ ತೋಟದ ದಾರಿಯಲ್ಲಿ ಇತ್ತಲ್ಲ ಎಂದು ಗುರುತು ಹತ್ತಬೇಕು. ಅಂಥವಳು ನಿಮ್ಮ ಮನೆಯಲ್ಲೇ ಹುಟ್ಟಿದ್ದಾಳೆ, ನೀವು ಅವಳನ್ನು ವಾಪಸ್ ಕರೆಸುವ ಮಾತಾಡುತ್ತೀರಿ!

ಡಚ್ ಕಲಾವಿದ ರೆಂಬ್ರಾಂಟ್ ತನ್ನ ದೇಶ ಬಿಟ್ಟು ಹೋದವನಲ್ಲ. ಆದರೆ ನಮ್ಮ ಮೊಘಲ್ ಚಿತ್ರಗಳನ್ನು ನೋಡಿಕೊಂಡು ಅವನು ಬರೆದ 23 ರೇಖಾಚಿತ್ರ ಉಳಿದಿವೆ. ಏಷ್ಯಾದಿಂದ ಬಂದ ದುಬಾರಿ ಕಾಗದದ ಮೇಲೆ ಬರೆದಿದ್ದಾನೆ. ಷಹಜಹಾನ್, ಜಹಾಂಗೀರರನ್ನು ಆಮ್‌ಸ್ಟರ್‌ಡ್ಯಾಮಿನಲ್ಲಿ ಕೂತು ಬರೆದ. ಯಾವ ಚಿತ್ರ ಯಾವುದರ ನಕಲು ಅಂತ ಕಂಡುಹಿಡಿದವರು ಇಂಥ ಕೋಣೆಗಳಲ್ಲಿ ಎರಡು ಹಾಳೆ ಪಕ್ಕಪಕ್ಕ ಇಟ್ಟುಕೊಂಡು ಕೂತವರೇ.

ಈಗ ನನ್ನ ಕಥೆ. ನಾನು ಮೊದಲು ಕೆಲಸಕ್ಕೆ ಸೇರಿದ್ದು ಅಕ್ಷರದ ಮೊಳೆ ಜೋಡಿಸುವ ಕಾಲದ ಒಂದು ಅಚ್ಚುಕೂಟದಲ್ಲಿ. ಕಥೆಗಳಿಗೆ ಚಿತ್ರ ಬರುತ್ತಿತ್ತು. ಕಲಾವಿದರು ದಪ್ಪ ಹಾಳೆಯ ಮೇಲೆ ಕರಿ ಶಾಯಿಯಲ್ಲಿ ಬರೆದು ಕಳಿಸುತ್ತಿದ್ದರು. ಅದು ಬ್ಲಾಕ್ ಮಾಡುವವರ ಹತ್ತಿರ ಹೋಗಿ, ಸತುವಿನ ಬ್ಲಾಕ್ ಆಗಿ ಮರದ ತುಂಡಿಗೆ ಮೊಳೆ ಹೊಡೆಸಿಕೊಂಡು ಬರುತ್ತಿತ್ತು. ಬ್ಲಾಕ್ ಬೀರುವಿಗೆ ಸೇರುತ್ತಿತ್ತು. ಮೂಲ ಚಿತ್ರ ಯಾರಿಗೂ ಬೇಡ. ಮಷಿನ್ ಒರೆಸಲು ಹೋಗುತ್ತಿತ್ತು. ಒಂದು ಆಷಾಢದಲ್ಲಿ ಬಾಗಿಲ ಬಳಿ ಕಾಲು ಒರೆಸಲು ಹಾಸಿದ್ದ ರಟ್ಟನ್ನು ತಿರುಗಿಸಿ ನೋಡಿದರೆ, ಎತ್ತಿನ ಗಾಡಿ, ಗಾಡಿಯ ಹಿಂದೆ ಮಗು ಎತ್ತಿಕೊಂಡ ಹೆಂಗಸು. ಹೋದ ತಿಂಗಳಷ್ಟೇ ಅಚ್ಚಾದ ಕಥೆಯದು. ಅವಳ ಮುಖದ ಮೇಲೆ ಕೆಸರಿನ ಹೆಜ್ಜೆ. ನಾನು ಏನೂ ಹೇಳಲಿಲ್ಲ. ಚಿಕ್ಕವನು, ಕೆಲಸ ಹೊಸದು. ಅದನ್ನು ಎತ್ತಿ ಚೀಲದಲ್ಲಿ ಹಾಕಿಕೊಳ್ಳಬಹುದಿತ್ತು, ಅದೂ ಮಾಡಲಿಲ್ಲ. ನಲವತ್ತು ವರ್ಷವಾದರೂ ಆ ಹೆಂಗಸು ನನ್ನ ಕಣ್ಣ ಮುಂದೆ ಇದ್ದಾಳೆ.

ನಮ್ಮ ಮನೆಗಳಲ್ಲೂ ಇದೇ ಆಗಿದೆ. ಜಗಲಿಯ ಗೋಡೆಯ ಮೇಲೆ ಲಕ್ಷ್ಮಿ, ಸರಸ್ವತಿ ಪಟಗಳು ಇದ್ದವಲ್ಲ? ರವಿವರ್ಮರು 1894ರಲ್ಲಿ ಮುಂಬೈಯಲ್ಲಿ ಪ್ರೆಸ್ ಹಾಕಿ ಅಂಥವನ್ನು ಕಲ್ಲಚ್ಚಿನಲ್ಲಿ ಒತ್ತಿಸಿದರು. ಬಣ್ಣಕ್ಕೊಂದು ಕಲ್ಲು. ನಮ್ಮ ದೊಡ್ಡಮ್ಮ ಸರಸ್ವತಿಯ ಸೀರೆಗೆ ನಿಜವಾದ ಜರಿ ಕತ್ತರಿಸಿ ಅಂಟಿಸಿದ್ದಳು. ಅಚ್ಚಿನ ಚಿತ್ರದ ಮೇಲೆ ಅವಳ ಕೈಕೆಲಸ, ಅಂಥದ್ದು ಇನ್ನೊಂದು ಇರಲಿಲ್ಲ. ಗಾಜು ಒಡೆಯಿತು. ಒಡೆದ ಪಟ ಮನೆಯಲ್ಲಿ ಇಡಬಾರದು ಅಂತ ಅಶ್ವತ್ಥಕಟ್ಟೆಗೆ ಇಟ್ಟು ಬಂದರು. ಒಂದೇ ಮಳೆ ಸಾಕಾಯಿತು. ಇವತ್ತಿಗೂ ಯಾವ ಊರಿನ ಕಟ್ಟೆ ನೋಡಿ, ದೇವರು ಮಳೆಯಲ್ಲಿ ನೆನೆಯುತ್ತಾ ನಿಂತಿರುತ್ತಾರೆ. ನಾನು ಭಕ್ತಿಯ ವಿಷಯ ಮಾತಾಡುತ್ತಿಲ್ಲ. ಗಾಜು ಒಡೆದರೆ ಗಾಜು ಬದಲಿಸಬಹುದು.

ಭದ್ರಾವತಿಯಲ್ಲಿ 1936ರಲ್ಲೇ ಕಾಗದದ ಕಾರ್ಖಾನೆ ಸ್ಥಾಪನೆಯಾದ ಜಿಲ್ಲೆ ನಮ್ಮದು. ಕಾಗದ ಮಾಡಿದೆವು, ಕಾಪಾಡಲು ಕಲಿಯಲಿಲ್ಲ. ಹರಿದರೆ ಸೆಲ್ಲೋಟೇಪ್. ಅದರ ಅಂಟು ಕೆಲವೇ ವರ್ಷದಲ್ಲಿ ಕಂದು ಬಣ್ಣಕ್ಕೆ ತಿರುಗಿ ಹಾಳೆಯೊಳಗೆ ಇಳಿಯುತ್ತದೆ. ಬೆಲೆ ಇದೆ ಅನ್ನಿಸಿದರೆ ಲ್ಯಾಮಿನೇಶನ್. ಬಿಸಿಯಲ್ಲಿ ಪ್ಲಾಸ್ಟಿಕ್ ಕರಗಿಸಿ ಕಾಗದಕ್ಕೆ ಅಂಟಿಸಿದ ಮೇಲೆ ಬಿಡಿಸುವುದು ಬಲು ಕಷ್ಟ. ಒಂದು ಕಚೇರಿಯಲ್ಲಿ ನೂರು ವರ್ಷದ ನಕ್ಷೆಯನ್ನು ಲ್ಯಾಮಿನೇಟ್ ಮಾಡಿಸಿ ಕಿಟಕಿಯ ಎದುರು ನೇತು ಹಾಕಿದ್ದರು. ನನಗೆ ಹೆಮ್ಮೆಯಿಂದ ತೋರಿಸಿದರು, ನಾನು ಊಟ ಮಾಡದೆ ಬಂದೆ. ಅವರ ತಪ್ಪೂ ಅಲ್ಲ. ಹೇಳಿಕೊಡುವವರು ಯಾರಿದ್ದಾರೆ? ಕಾಲೇಜುಗಳಲ್ಲಿ ಇತಿಹಾಸಕ್ಕೆ ಮಕ್ಕಳಿಲ್ಲ ಎನ್ನುತ್ತಾರೆ, ಮಕ್ಕಳು ಬಂದರೆ ಅಪ್ಪಂದಿರು ಹೀಗೆ ಪತ್ರ ಬರೆಯುತ್ತಾರೆ.

ಇತಿಹಾಸ ಸಂಶೋಧಕ ಗುಂಡಾ ಜೋಯಿಸರು ಊರೂರು ತಿರುಗಿ ತಾಳೆಗರಿ, ಕಾಗದಪತ್ರ ಸೇರಿಸಿ ಕೆಳದಿಯಲ್ಲಿ ಮ್ಯೂಸಿಯಂ ಕಟ್ಟಿದರು. ಈಗ ಅದು ಕುವೆಂಪು ವಿಶ್ವವಿದ್ಯಾಲಯದ ಕೈಯಲ್ಲಿದೆ. ಒಬ್ಬ ಮನುಷ್ಯ ಹಟ ಹಿಡಿದರೆ ಅಷ್ಟು ಉಳಿಯಿತು. ಸಾಗರ, ಸೊರಬದ ದೀವರ ಹೆಂಗಸರು ಗೋಡೆಯ ಮೇಲೆ ಬರೆಯುತ್ತಿದ್ದ ಹಸೆ ಚಿತ್ತಾರವನ್ನು ಈಗ ಹಾಳೆಯ ಮೇಲೂ ಬರೆಯುತ್ತಿದ್ದಾರೆ. ಪುಂಡಿನಾರಿನ ಕುಂಚ, ಕೆಮ್ಮಣ್ಣು, ಅಕ್ಕಿಹಿಟ್ಟು. ಕೊಂಡವರು ಬರೆದವಳ ಹೆಸರು, ಊರು, ವರ್ಷವನ್ನು ಹಿಂಬದಿಯಲ್ಲಿ ಪೆನ್ಸಿಲ್ಲಿನಲ್ಲಿ ಬರೆದಿಡುತ್ತಿದ್ದಾರಾ? ಇಲ್ಲದಿದ್ದರೆ ಇವರೂ ಆ ಮರಾಠ ಚಿತ್ರಕಾರನ ಹಾಗೇ ಹೋಗುತ್ತಾರೆ.

ಇನ್ನು ನಿಮ್ಮ ಟ್ರಂಕ್. ದಯವಿಟ್ಟು ಸುಡಬೇಡಿ, ರದ್ದಿಗೂ ಬೇಡ. ಮಳೆ ಹಿಡಿಯುವ ಮುಂಚೆ, ಒಣ ಹವೆ ಇರುವ ದಿನ ಕೆಳಗಿಳಿಸಿ. ಹಾಳೆಗಳನ್ನು ಅಡಿಕೆ ಹರಡಿದ ಹಾಗೆ ಬಿಸಿಲಿಗೆ ಹರಡಬೇಡಿ, ನೆರಳು ಸಾಕು. ಬೂಷ್ಟು ಹಿಡಿದದ್ದನ್ನು ಬೇರೆ ಇಡಿ. ಕಪ್ಪು ಬಟ್ಟೆಯನ್ನು ಪುಸ್ತಕದ ಹಾಗೆ ಮಡಿಸಿಟ್ಟದ್ದು ಏನಾದರೂ ಸಿಕ್ಕರೆ ಒರೆಸಬೇಡಿ, ತೊಳೆಯಬೇಡಿ. ಅದು ಕಡತ ಇರಬಹುದು. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದರು. ಶೃಂಗೇರಿ ಮಠದಲ್ಲಿ ಅಂಥವು ಇವೆ. ಒದ್ದೆ ಬಟ್ಟೆ ಒಂದು ಸಲ ಎಳೆದರೆ ನಿಮ್ಮ ಮುತ್ತಜ್ಜನ ಅಕ್ಷರ ಅಳಿಸಿ ಹೋಗುತ್ತದೆ. ಎಲ್ಲವನ್ನೂ ತೊಳೆದ ಹತ್ತಿ ಬಟ್ಟೆಯಲ್ಲಿ ಸುತ್ತಿ, ಯಾವುದು ಯಾವುದರ ಜೊತೆ ಇತ್ತೋ ಹಾಗೇ ಇಡಿ. ಮಗಳು ರಜೆಗೆ ಬರುವ ತನಕ ಯಾರಿಗೂ ಕೊಡಬೇಡಿ.

ಭಾನುವಾರ ಅವಳು ಫೋನ್ ಮಾಡಿದಾಗ ಸಂಬಳದ ಮಾತು ಬೇಡ. ಈ ವಾರ ಯಾವ ಹಾಳೆ ನೋಡಿದೆ, ಹಿಂದೆ ಏನಿತ್ತು ಅಂತ ಕೇಳಿ. ಟ್ರಂಕಿನಲ್ಲಿ ಏನು ಸಿಕ್ಕಿತು ಅಂತ ಅವಳಿಗೂ ಹೇಳಿ, ನನಗೂ ಒಂದು ಕಾರ್ಡು ಹಾಕಿ.